ಮೋಟಾರಕ್ಕ

ಕಲ್ಯಾಣದುರ್ಗದಲ್ಲಿ ಅವರನ್ನು ಎಲ್ಲರೂ ಮೋಟಾರಕ್ಕ ಎನ್ನುತ್ತಿದ್ದರು. ತೆಲುಗಿನವರಿಗೂ ಕನ್ನಡದವರಿಗೂ ಆ ಹೆಸರು ಸಾಕಾಗಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವರು ಬದುಕಿದ್ದಾಗ ಒಮ್ಮೆ, "ನಿಮ್ಮ ಬಗ್ಗೆ ಬರೀತೀನಿ ಅಕ್ಕಾ" ಎಂದಿದ್ದೆ. "ಬರ್ಕೋ. ಆದ್ರೆ ಹೆಸ್ರು ಹಾಕ್ಬೇಡ ಕಣಮ್ಮ. ನಮ್ಮತ್ತೆ ಮನೆಯೋರು ಯಾರಾನಾ ಓದ್ಬುಟ್ಟು ಜಗಳಕ್ಕೆ ಬತ್ತಾರೆ" ಎಂದಿದ್ದರು. ಆ ಅತ್ತೆಮನೆಯವರಲ್ಲಿ ಈಗ ಯಾರೂ ಉಳಿದಿಲ್ಲ. ಹೋದ ಸಂಕ್ರಾಂತಿ ಕಳೆದ ಮೇಲೆ ಅಕ್ಕನೂ ಹೋದರು. ಆದರೂ ಕೊಟ್ಟ ಮಾತನ್ನು ಮುರಿಯಲು ಮನಸ್ಸಿಲ್ಲ.

ನಾನು ಅವರನ್ನು ಮೊದಲು ನೋಡಿದ್ದು ಹಿಂದೂಪುರದಲ್ಲಿ, ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ. ನಮ್ಮೂರು ಕುಂದುರ್ಪಿ. ಹತ್ತನೇ ಕ್ಲಾಸು ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಅಪ್ಪ ಹಿಂದೂಪುರದ ಚಿಕ್ಕಮ್ಮನ ಮನೆಗೆ ತಂದು ಬಿಟ್ಟಿದ್ದ. ಹಳ್ಳಿಗಳಲ್ಲಿ ಕೆಲಸವಿಲ್ಲದೆ ಕೂತ ಹುಡುಗ ಹುಡುಗಿಯರಿಗೆ ಸರ್ಕಾರದವರು ಭತ್ಯೆ ಕೊಟ್ಟು ಒಂದು ಕಸುಬು ಕಲಿಸುತ್ತಾರೆ, ಕಲಿತ ಮೇಲೆ ಸಾಮಾನನ್ನೂ ಕೊಡುತ್ತಾರೆ ಎಂದು ಅಪ್ಪನಿಗೆ ಯಾರೋ ಹೇಳಿದ್ದರು. ಆಯ್ಕೆ ನಡೆಯುತ್ತಿದ್ದದ್ದು ಬೆಲ್ಲದ ಮಂಡಿಗಳ ಹಿಂದಿನ ಒಂದು ಹಳೇ ಗೋಡೌನಿನಲ್ಲಿ. ಹುಣಸೆಹಣ್ಣು, ಬೆಲ್ಲ, ಮೆಣಸಿನಕಾಯಿ ಎಲ್ಲದರ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿಯುತ್ತಿತ್ತು.

ಒಳಗೆ ಎರಡು ಸಾಲು. ಹುಡುಗಿಯರದ್ದು ಹೊಲಿಗೆಗೆ. ಹುಡುಗರದ್ದು ನೀರಿನ ಪಂಪಿನ ಮೋಟಾರಿಗೆ ತಂತಿ ಸುತ್ತುವ ಮೋಟಾರ್ ವೈಂಡಿಂಗ್, ರೇಡಿಯೋ ರಿಪೇರಿ, ಮರಗೆಲಸ ಇಂಥವಕ್ಕೆ. ನಮ್ಮ ಸಾಲಿನ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ಏಕೆಂದು ನೋಡಿದರೆ ಹುಡುಗರ ಸಾಲಿನ ನಡುವೆ ಒಬ್ಬ ಹೆಂಗಸು ನಿಂತಿದ್ದರು. ಎತ್ತರದ, ಬಡಕಲು ಮೈಯ ಹೆಂಗಸು. ನೂಲಿನ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಸಂತೆಯಲ್ಲಿ ಅಳತೆಗೆ ಕಾಯುವವರ ಹಾಗೆ ಆರಾಮಾಗಿ ನಿಂತಿದ್ದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು.

ಅವರ ಸರದಿ ಬಂದಾಗ ಮೇಜಿನ ಹಿಂದಿದ್ದ ಅಧಿಕಾರಿ ತಲೆ ಎತ್ತದೆ, "ಲೇಡೀಸ್ ಆ ಪಕ್ಕ ಅಮ್ಮಾ" ಎಂದರು.

"ಗೊತ್ತು ಸಾರ್. ನಾನು ಮೋಟಾರಿಗೆ ಬಂದಿದ್ದೀನಿ" ಎಂದು ಇವರು ಎದುರಿನ ಕುರ್ಚಿ ಎಳೆದುಕೊಂಡು ಕೂತರು. ಅದುವರೆಗೆ ಆ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ಎಲ್ಲರೂ ಕೈಕಟ್ಟಿ ನಿಂತೇ ಉತ್ತರ ಕೊಟ್ಟಿದ್ದರು.

ಅಧಿಕಾರಿ ಈಗ ತಲೆ ಎತ್ತಿದರು. "ಮೋಟಾರಾ? ನೀಕಾ?"

"ಹೂಂ ಸಾರ್, ನನಗೇ. ನಾನು ನೇಯ್ಗೆಯೋರ ಮನೆ ಮಗಳು. ಹಲ್ಲು ಬಿದ್ದು ಹುಟ್ಟೋ ವಯಸ್ಸಿಂದ ರಾಟೆ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತಿದ್ದೀನಿ. ಮೋಟಾರಿನ ಹೊಟ್ಟೇಲಿ ಇರೋದೇನು? ತಂತಿ. ಅದೂನೂ ಸುತ್ತೋದೇ ತಾನೆ? ನೂಲಾದ್ರೆ ಗಳಿಗ್ಗೊಂದು ದಪ ಕಿತ್ತೋಯ್ತದೆ. ತಂತಿ ಕಿತ್ತೋಗಲ್ಲ. ನನಗಿನ್ನೂ ಸಲೀಸು."

"ಹೊಲಿಗೆ ಕಲಿತರೆ ಮನೆಯಲ್ಲೇ ಕೂತು ಮಾಡ್ಕೋಬೋದಲ್ಲಮ್ಮ?"

"ಮನೇಲಿ ಕೂತು ಸಾಕಾಗೈತೆ ಸಾರ್. ಹೆಂಗಸರನ್ನ ಮೋಟಾರಿಗೆ ತಗೋಬಾರ್ದು ಅಂತ ರೂಲ್ಸ್‌ನಾಗೆ ಐತಾ? ಇದ್ರೆ ತೋರ್ಸಿ, ಎದ್ದು ಹೋಯ್ತೀನಿ."

ಅಧಿಕಾರಿ ಪಕ್ಕದವರ ಮುಖ ನೋಡಿದರು. ಪಕ್ಕದವರು ಫ್ಯಾನಿನ ಕಡೆ ನೋಡಿದರು. "ಅಂಥ ರೂಲ್ಸ್ ಏನಿಲ್ಲ..." ಎಂದು ಯಾರೋ ಗೊಣಗಿದರು.

"ಅಂಗಾದ್ರೆ ಬರ್ಕೊಳ್ಳಿ" ಎಂದರು ಇವರು. ಅವರು ಬರೆದುಕೊಂಡರು. ನಮ್ಮ ಸಾಲಿನ ನಗು ನಿಂತುಹೋಯಿತು.

ತರಬೇತಿಯ ಆರು ತಿಂಗಳೂ ನಾವು ಒಂದೇ ಗೋಡೌನಿನಲ್ಲಿದ್ದೆವು. ನಡುವೆ ಇದ್ದದ್ದು ತಗಡಿನ ಅಡ್ಡಗೋಡೆ. ಈ ಕಡೆ ನಮ್ಮ ಹೊಲಿಗೆ ಮಿಷನ್ನುಗಳ ಕಟಕಟ, ಆ ಕಡೆ ಸುತ್ತಿಗೆಯ ಸದ್ದು, ವಾರ್ನಿಷ್ ವಾಸನೆ. ಮಧ್ಯಾಹ್ನ ಅಕ್ಕ ಬುತ್ತಿ ಹಿಡಿದು ನಮ್ಮ ಕಡೆಗೆ ಬರುತ್ತಿದ್ದರು. ಅವರ ಸಂಗತಿ ಒಂದೊಂದೇ ತಿಳಿದದ್ದು ಆಗಲೇ. ತವರು ಚಿಲಮತ್ತೂರಿನ ಹತ್ತಿರದ ಹಳ್ಳಿ. ಗಂಡ ಹಿಂದೂಪುರದಲ್ಲಿ ಒಬ್ಬರ ಮಗ್ಗದಲ್ಲಿ ಕೂಲಿ ನೇಯುತ್ತಿದ್ದರು. ಮಾಲೀಕ ಮಗ್ಗಗಳನ್ನು ಮಾರಿ ಹೋದ ಮೇಲೆ ಗಂಡನಿಗೆ ಕೆಲಸವಿಲ್ಲ. ಅಲ್ಲಿ ಇಲ್ಲಿ ಮೂಟೆ ಹೊತ್ತು ಬಂದರೆ ಆ ದಿನಕ್ಕೆ ಒಲೆ ಉರಿಯಬೇಕು. "ನಮ್ಮನೇಲಿ ಇಬ್ಬರೂ ನಿರುದ್ಯೋಗಿಗಳು ಕಣಮ್ಮ. ಜೋಡಿ ಚೆನ್ನಾಗೈತೆ" ಎಂದು ನಗುತ್ತಿದ್ದರು.

ಆ ಕಡೆಯ ಹುಡುಗರು ಮೊದಮೊದಲು ಅವರನ್ನು ಆಡಿಕೊಂಡರಂತೆ. ಕಲಿಸುವ ಮೇಸ್ತ್ರಿ ಬಾಯಿಬಿಡದ ಮನುಷ್ಯ. ಮೊದಲ ವಾರವೆಲ್ಲ ಅಕ್ಕನನ್ನು ಕಸ ಗುಡಿಸುವುದಕ್ಕೂ ಕೊಡದಲ್ಲಿ ನೀರು ತರುವುದಕ್ಕೂ ಹಚ್ಚಿದ. ಸೋಮವಾರ ಮತ್ತೆ ಕೊಡ ತೋರಿಸಿದಾಗ ಇವರು, "ನೀರು ತರೋದು ನನಗೆ ಬತ್ತದೆ ಮೇಸ್ತ್ರಿ. ಅದನ್ನ ಕಲಿಯೋಕ್ಕೆ ನಾನು ಬಂದಿಲ್ಲ. ಬರ್ದೇ ಇರೋದನ್ನ ತೋರ್ಸಿ" ಎಂದರು. ಮೇಸ್ತ್ರಿ ಸುಟ್ಟ ಮೋಟಾರೊಂದನ್ನು ಅವರ ಮುಂದೆ ಉರುಳಿಸಿ ಹೋದ. ಕರಿದಾದ ಹಳೇ ತಂತಿಯನ್ನು ಕಿತ್ತು ತೆಗೆಯುವುದರಲ್ಲೇ ಅವರ ಅಂಗೈ ತುಂಬ ಗಾಯ. ಊಟಕ್ಕೆ ಕೂತಾಗ ಮುದ್ದೆ ಮುರಿಯಲಾಗದೆ ಚಮಚ ಕೇಳಿದರು.

ಕೈಯ ಗಾಜಿನ ಬಳೆ ತಂತಿಗೆ ಸಿಕ್ಕಿ ಒಡೆಯುತ್ತದೆಂದು ಅವರು ಬಳೆ ತೆಗೆದಿಟ್ಟರು. ಅದೊಂದು ದೊಡ್ಡ ಗಲಾಟೆಯಾಯಿತು. ಮುತ್ತೈದೆ ಬರಿಗೈಯಲ್ಲಿ ಓಡಾಡುವುದೇ ಎಂದು ಅತ್ತೆ ಕಲ್ಯಾಣದುರ್ಗದಿಂದ ಬಸ್ಸು ಹತ್ತಿ ಬಂದರಂತೆ. ಬೀದಿಯಲ್ಲಿ ಜನ ಸೇರಿದ್ದರಂತೆ. ಅಕ್ಕ ಒಳಗಿದ್ದ ಗಂಡನನ್ನು ಕರೆದು ಹೊಸಿಲ ಮೇಲೆ ನಿಲ್ಲಿಸಿ, "ನೋಡ್ಕೊಳ್ಳಿ ಎಲ್ಲಾರೂ. ಇಲ್ಲೇ ಅವ್ನೆ, ಕಲ್ಲುಗುಂಡಿದ್ದಂಗೆ ಅವ್ನೆ, ಟೀ ಕುಡೀತಾವ್ನೆ. ಬಳೆಗೂ ಇವನಿಗೂ ಏನು ಸಂಬಂಧ ಐತೆ ಹೇಳಿ" ಎಂದರಂತೆ. ಇದನ್ನು ನಮಗೆ ಹೇಳಿದ್ದು ಆ ಗಂಡನೇ. ಹೇಳುತ್ತಾ ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ.

ತರಬೇತಿ ಮುಗಿಯುವ ಹೊತ್ತಿಗೆ ನಾವೆಲ್ಲ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಬೇಕೆಂದು ಹೇಳಿದರು. ಜಿಲ್ಲಾ ಕೇಂದ್ರಕ್ಕೆ ಹೋದೆವು. ಬಿಸಿಲಲ್ಲಿ ಉದ್ದನೆ ಸಾಲು. ಬಿ.ಎ. ಓದಿದವರು, ಟೈಪಿಂಗ್ ಪಾಸಾದವರು, ಹೆಸರು ಬರೆಸಿ ವರ್ಷಗಳಾಗಿ ಕಾರ್ಡು ಹೊಸದು ಮಾಡಿಸಲು ಬಂದವರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸಾಲಾಗಿ ನಿಂತು ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡುತ್ತಿದ್ದರು. ಅಕ್ಕ ಗಟ್ಟಿಯಾಗಿ, ಸಾಲಿಗೆಲ್ಲ ಕೇಳುವ ಹಾಗೆ ನನ್ನನ್ನು ಕೇಳಿದರು:

"ಏನಮ್ಮ, ಇವರೆಲ್ಲ ಏನಾನಾ ಕದ್ದು ಸಿಕ್ಕಾಕ್ಕೊಂಡವ್ರಾ? ಯಾಕೆ ಹಿಂಗೆ ತಲೆ ಬಗ್ಗಿಸ್ಕೊಂಡು ನಿಂತವ್ರೆ?"

ನಾನು ನಾಚಿಕೆಯಿಂದ ಅವರ ಸೆರಗು ಜಗ್ಗಿದೆ.

"ಜಗ್ಗಬ್ಯಾಡ. ನಮಗೆ ಕೆಲ್ಸ ಇಲ್ಲ ಅಂತಲೇ ಒಳಗೆ ಕೂತಿರೋರಿಗೆ ಕೆಲ್ಸ ಇರೋದು. ನಾವು ಬರ್ದೇ ಹೋದ್ರೆ ನಾಳೆ ಅವರೂ ಈ ಸಾಲಿಗೆ ಬಂದು ನಿಂತ್ಕೋಬೇಕು."

ಯಾರೋ ನಕ್ಕರು. ಆಮೇಲೆ ಇನ್ನೊಬ್ಬರು. ಸ್ವಲ್ಪ ಹೊತ್ತಿಗೆ ಆ ಸಾಲಿನಲ್ಲಿ ಮಾತು ಶುರುವಾಯಿತು. ಯಾವ ಊರು, ಏನು ಓದಿದ್ದು, ಎಲ್ಲಿ ಖಾಲಿ ಇದೆಯಂತೆ, ಎಲ್ಲಿ ಇಂಟರ್‌ವ್ಯೂ ಇದೆಯಂತೆ. ಒಬ್ಬ ಹುಡುಗ ಓಡಿಹೋಗಿ ಎಲ್ಲರಿಗೂ ನೀರು ತಂದ.

ಇಷ್ಟೇ ಆಗಿದ್ದರೆ ಅಕ್ಕ ನನಗೆ ಒಬ್ಬ ಬಾಯಿಬಡುಕಿ ಗೆಳತಿಯಾಗಿ ನೆನಪಿರುತ್ತಿದ್ದರೇನೋ. ಮುಂದೆ ನಡೆದದ್ದೇ ಬೇರೆ.

ಕಲಿತವರಿಗೆ ಸಾಮಾನು ಕೊಡುವ ಜವಾಬ್ದಾರಿ ಅವರವರ ರೇಷನ್ ಕಾರ್ಡು ಇರುವ ಕಡೆಯ ಆಫೀಸಿನದ್ದು. ಅಕ್ಕನ ಕಾರ್ಡು ಗಂಡನ ಊರಾದ ಕಲ್ಯಾಣದುರ್ಗದಲ್ಲಿತ್ತು. ನನ್ನದು ಕುಂದುರ್ಪಿಯಾದ್ದರಿಂದ ನನಗೂ ಅಲ್ಲಿಗೇ ಬರಹೇಳಿದರು. ಯಾವ ಆಫೀಸು ಎಂದು ಹೇಳುವುದಿಲ್ಲ. ಆ ಕಟ್ಟಡವೂ ಈಗಿಲ್ಲ. ಶಾಮಿಯಾನ ಹಾಕಿ, ಮೈಕು ಕಟ್ಟಿ ಸಮಾರಂಭ ಮಾಡಿದ್ದರು. ವೇದಿಕೆಯ ಒಂದು ಪಕ್ಕ ಹೊಲಿಗೆ ಮಿಷನ್ನುಗಳು, ಇನ್ನೊಂದು ಪಕ್ಕ ಮೋಟಾರ್ ಕೆಲಸದ ಸಾಮಾನಿನ ಕಬ್ಬಿಣದ ಪೆಟ್ಟಿಗೆಗಳು. ಒಬ್ಬೊಬ್ಬರನ್ನೇ ಕರೆದು, ಹಾರ ಹಾಕಿಸಿಕೊಂಡ ದೊಡ್ಡವರ ಕೈಯಿಂದ ಕೊಡಿಸಿ ಫೋಟೋ ತೆಗೆಯುತ್ತಿದ್ದರು. ನನ್ನ ಸರದಿ ಬಂತು, ಮಿಷನ್ ಮುಟ್ಟಿ ನಮಸ್ಕಾರ ಮಾಡಿ ಇಳಿದೆ. ನನಗೆ ಹೊಲಿಗೆ ಇಷ್ಟವಾಗಿತ್ತು, ಖುಷಿಯಲ್ಲಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಕ್ಕನ ಹೆಸರು ಕರೆದರು. ಅವರು ಮೇಲೆ ಹೋದರು. ದೊಡ್ಡವರು ಅವರಿಗೂ ಒಂದು ಹೊಲಿಗೆ ಮಿಷನ್ ತೋರಿಸಿದರು.

"ಇದು ನನ್ನದಲ್ಲ ಸಾರ್. ನನ್ನದು ಆ ಪಕ್ಕದ್ದು" ಎಂದರು ಅಕ್ಕ.

ಆಫೀಸಿನ ಅಧಿಕಾರಿ ಓಡಿಬಂದು ಕಿವಿಯ ಹತ್ತಿರ ಏನೋ ಹೇಳಿದರು. ಮೈಕು ಹತ್ತಿರದಲ್ಲೇ ಇದ್ದದ್ದರಿಂದ ಎಲ್ಲರಿಗೂ ಕೇಳಿಸಿತು. "ಆಡವಾಳ್ಳಕಿ, ಹೆಂಗಸರಿಗೆ, ಮಿಷನೇ ಅಮ್ಮಾ. ಮೇಲಿಂದ ಹಾಗೇ ಬಂದಿದೆ. ಈಗ ತಗೊ, ಆಮೇಲೆ ನೋಡೋಣ."

"ನಾನು ಕಲ್ತಿರೋದು ಮೋಟಾರು. ಈ ಮಿಷನ್ನಿಗೆ ದಾರ ಹಾಕೋಕ್ಕೂ ನನಗೆ ಬರಲ್ಲ. ಆಮೇಲೆ ನೋಡೋದಾದ್ರೆ ಆಮೇಲೆ ಬತ್ತೀನಿ."

ಫೋಟೋದವನು ಕಾಯುತ್ತಿದ್ದ. ದೊಡ್ಡವರು ಸಿಟ್ಟಿನಿಂದ ಅತ್ತ ತಿರುಗಿದರು. ಅಕ್ಕ ಕೈಮುಗಿದು ಬರಿಗೈಯಲ್ಲಿ ಇಳಿದು ಬಂದರು. ಅವರ ಅತ್ತೆ ಜನರ ನಡುವಿನಿಂದ ಎದ್ದು, "ಮನೆಗೆ ಬಂದ ಸಾಮಾನು ಕಾಲಲ್ಲಿ ಒದ್ಬುಟ್ಲಲ್ಲಪ್ಪಾ" ಎಂದು ಅಳತೊಡಗಿದರು. ಅತ್ತೆಯ ಅಳುವೂ ಸುಳ್ಳಲ್ಲ. ಆಗ ಅವರೆಲ್ಲ ಹಿಂದೂಪುರ ಬಿಟ್ಟು ಬಂದು ಆ ಅತ್ತೆಯ ಒಂಟಿ ಕೋಣೆಯ ಮನೆಯಲ್ಲೇ ಇದ್ದರು. ಗಂಡನಿಗೆ ಅಲ್ಲೂ ಕೆಲಸವಿರಲಿಲ್ಲ.

ಮರುದಿನದಿಂದ ಅಕ್ಕ ಆಫೀಸಿಗೆ ಅಲೆದರು. ಇವತ್ತು ಸಾಹೇಬರಿಲ್ಲ, ನಾಳೆ ಬಾ, ಪೆಟ್ಟಿಗೆಗಳು ಮುಗಿದಿವೆ, ಮೇಲಕ್ಕೆ ಬರೆದಿದ್ದೇವೆ. ಹೀಗೇ ಒಂದು ತಿಂಗಳು ಕಳೆಯಿತು. ಒಂದು ದಿನ ಅವರು ಹೋಗಿ ವಾಪಸು ಬರಲಿಲ್ಲ. ಆಫೀಸಿನ ಕಾಂಪೌಂಡಿನ ಬೇವಿನ ಮರದ ಕೆಳಗೆ ಗೋಣಿತಟ್ಟು ಹಾಸಿ ಕೂತರು. ತವರಿನಿಂದ ತಂದ ಹಳೇ ಮಗ್ಗದ ಮರದ ತುಂಡಿನಿಂದ ತಂತಿಯ ಕಾಯಿಲ್ ಸುತ್ತುವ ಅಚ್ಚು ಮಾಡಿಕೊಂಡಿದ್ದರು. ಒಂದು ಕಟಿಂಗ್ ಪ್ಲೇಯರು, ಒಂದು ಸುತ್ತಿಗೆಯನ್ನು ಯಾರಿಂದಲೋ ಕೇಳಿ ತಂದಿದ್ದರು. ಕಾಂಪೌಂಡು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ, ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ, 'ಇಲ್ಲಿ ಸುಟ್ಟ ಮೋಟಾರು ಕಟ್ಟಲಾಗುವುದು' ಎಂದು ಬರೆದರು.

ಮೊದಲು ಬಂದದ್ದು ಬೆಳುಗುಪ್ಪದ ಕಡೆಯ ಒಬ್ಬ ರೈತ. ರೇಷ್ಮೆ ಸಾಕುವವನು. ಹಿಪ್ಪುನೇರಳೆ ತೋಟದ ಮೋಟಾರು ಸುಟ್ಟಿತ್ತು. ಗಾಡಿಯಲ್ಲಿ ಹಾಕಿಕೊಂಡು ಬಸ್ ಸ್ಟಾಂಡಿಗೆ ಹೊರಟಿದ್ದ, ದೂರದ ಅಂಗಡಿಗೆ ಒಯ್ಯಲು. ಅಲ್ಲಿ ಸರದಿ ಬರುವುದರೊಳಗೆ ಸೊಪ್ಪು ಒಣಗುತ್ತದೆ, ಹುಳ ಹಸಿದು ಸಾಯುತ್ತವೆ ಎಂಬ ದಿಗಿಲು ಅವನಿಗೆ. ಅಕ್ಕ ಗಾಡಿಗೆ ಅಡ್ಡ ನಿಂತರು.

"ಇಳಿಸಿ ಅಣ್ಣಾ. ತಂತಿ ನೀವು ತನ್ನಿ, ಕೈ ನನ್ನದು. ಓಡದಿದ್ರೆ ಒಂದು ಕಾಸೂ ಕೊಡಬ್ಯಾಡಿ."

"ನೀನಾ ಕಟ್ಟೋದು?"

"ನಾನೇ."

ಅವನಿಗೆ ಬೇರೆ ದಾರಿ ಇರಲಿಲ್ಲ. ಇಳಿಸಿದ. ಮೂರನೇ ದಿನ ಮೋಟಾರು ಓಡಿತು. ಆಮೇಲೆ ಒಬ್ಬರ ಹಿಂದೆ ಒಬ್ಬರು. ಆ ದಿನಗಳಲ್ಲಿ ಕರೆಂಟಿನ ಮೂರು ಫೇಸಿನಲ್ಲಿ ಯಾವುದೋ ಒಂದು ಹೋಗುವುದು, ಮೋಟಾರು ಸುಡುವುದು ಮಾಮೂಲು. ಆಫೀಸಿನ ಅಂಗಳದಲ್ಲಿ ಮೋಟಾರುಗಳ ಸಾಲು ಬೆಳೆಯಿತು. ಅರ್ಜಿ ಹಿಡಿದು ಬಂದ ಜನ ಒಳಗೆ ಹೋಗುವ ಬದಲು ಮರದ ಕೆಳಗೆ ನಿಂತು ನೋಡತೊಡಗಿದರು. ನಾನು ಹೊಲಿಗೆಯ ಬಟ್ಟೆ ಕೊಳ್ಳಲು ಕಲ್ಯಾಣದುರ್ಗಕ್ಕೆ ಬಂದಾಗಲೆಲ್ಲ ಅಲ್ಲೇ ಕೂತು ಅವರಿಗೆ ಹತ್ತಿಯ ದಾರ ಕತ್ತರಿಸಿ ಕೊಡುತ್ತಿದ್ದೆ. ಕಾಯಿಲುಗಳನ್ನು ಕೂರಿಸಿದ ಮೇಲೆ ಅವನ್ನು ದಾರದಿಂದ ಬಿಗಿದು ಕಟ್ಟಬೇಕು.

ಸಾಹೇಬರು ಹೊರಗೆ ಬಂದ ದಿನ ನಾನಿದ್ದೆ. ಜೊತೆಗೆ ಒಬ್ಬ ಪೊಲೀಸಿನವನು.

"ಇದಿ ಆಫೀಸಮ್ಮಾ, ಷೆಡ್ ಅಲ್ಲ!" ಎಂದು ಕೂಗಿದರು ಸಾಹೇಬರು.

ಅಕ್ಕ ಗಂಟು ಹಾಕುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಸಾರ್. ಷೆಡ್ ಆಗಿದ್ರೆ ಮೇಲೆ ತಗಡು ಇರ್ತಿತ್ತು."

"ಏಳು ಇಲ್ಲಿಂದ!"

"ಇದು ಕೆಲ್ಸ ಇಲ್ದೋರಿಗೆ ಕೆಲ್ಸ ಕೊಡೋ ಆಫೀಸು ಅಲ್ವಾ ಸಾರ್? ನನಗೆ ಕೆಲ್ಸ ಇಲ್ಲ, ಅದಕ್ಕೇ ಬಂದಿದ್ದೀನಿ. ಎದ್ದು ಎಲ್ಲಿಗೆ ಹೋಗ್ಲಿ ನೀವೇ ಹೇಳಿ."

"ಎಷ್ಟು ದಿವಸ ಕೂತ್ಕೊತೀಯ ಹಿಂಗೆ?"

"ನೀವು ಎಷ್ಟು ದಿವಸ ಕೂರಿಸ್ತೀರೋ ಅಷ್ಟು ದಿವಸ."

ಸಾಹೇಬರು ಪೊಲೀಸಿನವನಿಗೆ ಸನ್ನೆ ಮಾಡಿದರು. ಅವನು ವಾರ್ನಿಷ್ ಡಬ್ಬಿಯನ್ನು ಕಾಲಿನಿಂದ ಉರುಳಿಸಿದ. ಮಣ್ಣಿನ ಮೇಲೆ ಅದು ಕೆಂಪಗೆ ಹರಿದುಹೋಯಿತು. ಒಂದು ಮೋಟಾರನ್ನು ಎತ್ತಲು ಬಗ್ಗಿದಾಗ ಮರದ ಆಚೆ ಬೀಡಿ ಸೇದುತ್ತಿದ್ದ ಒಬ್ಬ ರೈತ ಎದ್ದು ಬಂದ. "ಅದನ್ನ ಮುಟ್ಟಬ್ಯಾಡಪ್ಪ. ಒಳಗೆ ಕಾಯಿಲು ಅರ್ಧ ಕೂತೈತೆ, ಅಲ್ಲಾಡಿಸಿದ್ರೆ ಎಲ್ಲಾ ಹಾಳು. ಮನೇಲಿ ಹುಳ ಸೊಪ್ಪಿಗೆ ಕಾಯ್ತಾ ಅವೆ. ಅಕ್ಕನ್ನ ಏನಾನಾ ಅನ್ಕೊಳ್ಳಿ, ಮೋಟಾರು ಮುಟ್ಟಂಗಿಲ್ಲ." ಅವನ ಹಿಂದೆ ಇನ್ನೊಬ್ಬ ಎದ್ದ. ಒಬ್ಬೊಬ್ಬರೂ ತಮ್ಮ ತಮ್ಮ ಮೋಟಾರಿನ ಪಕ್ಕ ಹೋಗಿ ನಿಂತರು. ಯಾರೂ ಕೂಗಾಡಲಿಲ್ಲ. ಪೊಲೀಸಿನವನು ಸಾಹೇಬರ ಕಡೆ ನೋಡಿದ. ಸಾಹೇಬರು ಒಳಗೆ ಹೋದರು.

ಅಕ್ಕ ಗಂಟು ಹಾಕುತ್ತಲೇ ಇದ್ದರು. ಜನ ಚದುರಿದ ಮೇಲೆ ನಾನು ನೋಡಿದೆ, ಒಂದೇ ಕಾಯಿಲಿನ ಮೇಲೆ ಹತ್ತಾರು ಗಂಟು.

"ನೋಡು, ಏನು ಮಾಡಿಟ್ಟಿದ್ದೀನಿ" ಎಂದು ಬೆರಳಿಟ್ಟು ತೋರಿಸಿದರು. "ನನ್ನ ಭಯ ಅವನಿಗೆ ಕಾಣಿಸ್ಬಾರ್ದು ಅಂತ ಸುಮ್ನೆ ಗಂಟಿನ ಮೇಲೆ ಗಂಟು ಹಾಕ್ತಾ ಇದ್ದೆ. ಈಗ ಇವನ್ನೆಲ್ಲಾ ಬಿಚ್ಚಬೇಕು." ಇಬ್ಬರೂ ಸೇರಿ ಬಿಚ್ಚಿದೆವು. ಬಿಚ್ಚುವಾಗ ಅವರು ಅತ್ತರು. ಚೆಲ್ಲಿದ ವಾರ್ನಿಷ್ಷಿಗಾಗಿ ಎಂದರು.

ಕಬ್ಬಿಣದ ಪೆಟ್ಟಿಗೆ ಬಂದದ್ದು ಅದಾಗಿ ಕೆಲವು ವಾರಗಳ ಮೇಲೆ. ವೇದಿಕೆಯೂ ಇಲ್ಲ, ಹಾರವೂ ಇಲ್ಲ. ಜವಾನನೊಬ್ಬ ಹೊತ್ತು ತಂದು ಮರದ ಬುಡದಲ್ಲಿ ಇಳಿಸಿ, ಸರ್ಕಾರದಿಂದ ಇನ್ನು ಮುಂದೆ ಬೇರೆ ಯಾವ ಸವಲತ್ತನ್ನೂ ಕೇಳುವುದಿಲ್ಲ ಎಂದು ಬರೆಸಿಕೊಂಡು ಹೋದ. ಅಕ್ಕ ಸಹಿ ಹಾಕಿದರು. ಜವಾನ ಮರೆಯಾದ ಮೇಲೆ, "ಸಹಿ ಹಾಕಿದ್ರೆ ಬಾಯಿ ಬಿದ್ದೋಯ್ತದಾ?" ಎಂದರು. ಆವತ್ತೇ ಸಾಯಂಕಾಲ ಗೋಣಿತಟ್ಟು ಝಾಡಿಸಿ ಮಡಿಸಿದರು. ಅಂಗಳವನ್ನು ಗುಡಿಸಿ, ನೀರು ಚಿಮುಕಿಸಿ, ಗೋಡೆಯ ಸೀಮೆಸುಣ್ಣ ಒರೆಸಿ ಹೊರಟರು.

ಅಂಗಡಿ ಹಾಕಿದ್ದು ಬಸ್ ಸ್ಟಾಂಡಿಗೆ ಹೋಗುವ ದಾರಿಯಲ್ಲಿ. ಗಂಡ ಜೊತೆಗೆ ನಿಂತರು. ಮೋಟಾರು ಎತ್ತುವುದು, ಇಳಿಸುವುದು, ವಾರ್ನಿಷ್ ಕುಡಿಸಿ ಒಣಗಿಸುವುದು ಅವರ ಪಾಲು. ಹೊಸಬರು ಬಂದು, "ಯಜಮಾನರು ನೀವೇನಾ?" ಎಂದರೆ, "ಇಲ್ಲಪ್ಪ, ನಾನು ಇಲ್ಲಿ ಕೆಲಸಕ್ಕಿದ್ದೀನಿ. ಯಜಮಾನರು ಒಳಗವ್ರೆ" ಎಂದು ನಗದೆ ಹೇಳುತ್ತಿದ್ದರು. ಒಬ್ಬ ಮುದುಕ ಬಾಗಿಲಲ್ಲಿ ನಿಂತು, "ಗಂಡಸರು ಯಾರೂ ಇಲ್ವೇನಮ್ಮ?" ಎಂದು ಕೇಳಿದ್ದ. "ಇಲ್ಲ. ಬರೋಗಂಟ ಕಾಯ್ತೀರಾ, ಇಲ್ಲ ಮೋಟಾರು ಕೊಡ್ತೀರಾ?" ಎಂದು ಅಕ್ಕ ಕೇಳಿದರು. ಅವನು ಕೊಟ್ಟ. ಅವನ ಮಕ್ಕಳು, ಮೊಮ್ಮಕ್ಕಳೂ ಆಮೇಲೆ ಅಲ್ಲಿಗೇ ತಂದರು.

ಒಳ್ಳೆಯವರೆಂದು ಬರೆದು ಅವರನ್ನು ಸಾಧು ಮಾಡುವ ಆಸೆ ನನಗಿಲ್ಲ. ಅವರ ಬಾಯಿ ಕೆಟ್ಟದು. ಒಮ್ಮೆ ಕಟ್ಟಿಸಿದ ಮೋಟಾರನ್ನು ಎರಡನೇ ಸಲ ಸುಟ್ಟು ತಂದ ರೈತರಿಗೆ ಮುಖ ಮೂತಿ ನೋಡದೆ ಬಯ್ಯುತ್ತಿದ್ದರು. ಕೆಲಸ ಕಲಿಯಲು ಬಂದ ಹುಡುಗಿಯರು ಚೆನ್ನಾಗಿ ಮಾಡಿದರೆ ಚೆನ್ನಾಗಿದೆ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ತಪ್ಪಾದರೆ ಮಾತ್ರ ಬೀದಿಗೆಲ್ಲ ಕೇಳಿಸುತ್ತಿತ್ತು. ತಮ್ಮದೇ ತಪ್ಪಾದರೆ ಒಪ್ಪಿಕೊಳ್ಳುತ್ತಿರಲಿಲ್ಲ. ಸುಮ್ಮನೆ ರಾತ್ರಿಯೊಳಗೆ ಸರಿಮಾಡಿ ಇಟ್ಟುಬಿಡುತ್ತಿದ್ದರು. ನನ್ನ ಮದುವೆಯಾದ ಮೇಲೆ ನಾನು ಹೊಲಿಗೆ ನಿಲ್ಲಿಸಿದ್ದಕ್ಕೆ ಒಂದು ವರ್ಷ ಮಾತು ಬಿಟ್ಟಿದ್ದರು. ಹೊಲಿಗೆ ಕಲಿಸುವ ತಾತ್ಕಾಲಿಕ ಕೆಲಸ ನನಗೆ ಸಿಕ್ಕಿದ ಸುದ್ದಿ ತಿಳಿದ ದಿನ, ಏನೂ ಆಗಿಲ್ಲವೆಂಬಂತೆ ಮನೆಗೆ ಬಂದು ಊಟ ಮಾಡಿ ಹೋದರು.

ಬೆಳಿಗ್ಗೆ ಅಂಗಡಿಯಲ್ಲಿ ಪೇಪರು ಬರುತ್ತಿತ್ತು. ಕೆಲಸ ಖಾಲಿ ಇರುವ ಜಾಹೀರಾತುಗಳನ್ನು ಅಕ್ಕ ಗಟ್ಟಿಯಾಗಿ ಓದುತ್ತಿದ್ದರು. ಸುತ್ತಲಿನ ಊರುಗಳ ಕೆಲಸವಿಲ್ಲದ ಹುಡುಗರು ಅದಕ್ಕೆಂದೇ ಬಂದು ಕೂರುತ್ತಿದ್ದರು. ಯಾವುದಕ್ಕೆ ಯಾರು ಅರ್ಜಿ ಹಾಕಬೇಕು, ಯಾರ ಕಾರ್ಡು ಯಾವಾಗ ಹೊಸದು ಮಾಡಿಸಬೇಕು ಎಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಅವರು ಸಹಿಸದ ಮಾತು ಒಂದೇ.

"ಏನ್ ಮಾಡ್ಕೊಂಡಿದ್ದೀಯಪ್ಪಾ?" ಎಂದು ಹೊಸ ಹುಡುಗನನ್ನು ಕೇಳುತ್ತಿದ್ದರು.

"ಸುಮ್ನೆ ಇದ್ದೀನಕ್ಕಾ" ಎಂದು ಅವನು ತಲೆ ತಗ್ಗಿಸುವನು.

"ಸುಮ್ನೆ ಇದ್ದೀನಿ ಅನ್ಬ್ಯಾಡ ಕಣ್ಲಾ! ಸುಮ್ನೆ ಇರೋನು ಅಷ್ಟು ದೂರದಿಂದ ನಡ್ಕೊಂಡು ಬತ್ತಾನಾ? ಕೆಲ್ಸ ಹುಡುಕ್ತಾ ಇದ್ದೀನಿ ಅನ್ನು. ಅದೂ ಕೆಲ್ಸನೇ. ಸಂಬಳ ಇಲ್ಲದ ಕೆಲ್ಸ. ಎಲ್ಲಿ, ಇನ್ನೊಂದು ದಪ ಹೇಳು."

ಅವನು ತಲೆ ಎತ್ತಿ ಹೇಳುವವರೆಗೂ ಬಿಡುತ್ತಿರಲಿಲ್ಲ.

ತೊಂಬತ್ತರ ದಶಕ ಅರ್ಧ ದಾಟುವ ಹೊತ್ತಿಗೆ ಗಾಳಿ ತಿರುಗಿತು. ಮಹಿಳೆಯರು ಎಲ್ಲದರಲ್ಲೂ ಮುಂದೆ ಬರಬೇಕೆಂದು ಸರ್ಕಾರದವರೇ ಭಾಷಣ ಮಾಡತೊಡಗಿದರು. ಒಂದು ಕಾಲಕ್ಕೆ ಅವರನ್ನು ಓಡಿಸಲು ನೋಡಿದ ಆಫೀಸಿನಿಂದಲೇ ಕರೆ ಬಂತು. ನಿರುದ್ಯೋಗಿ ಯುವತಿಯರ ಆಯ್ಕೆ ಇದೆ, ಆಯ್ಕೆ ಮಾಡುವವರಲ್ಲಿ ತಾವೂ ಒಬ್ಬರಾಗಿ ಕೂರಬೇಕು ಎಂದು. ಹೊಲಿಗೆ ಕಲಿಸುವವಳಾಗಿ ನನ್ನನ್ನೂ ಕೂರಿಸಿದ್ದರು. ಅಧಿಕಾರಿ ಹೊಸಬರು, ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯರೇ. ಅಕ್ಕನ ಕತೆ ಯಾರೋ ಹೇಳಿದ್ದರಂತೆ. ಬಂದ ಹುಡುಗಿಯರಿಗೆಲ್ಲ ಅಕ್ಕನನ್ನು ತೋರಿಸಿ, "ಇವರನ್ನು ನೋಡಿ ಕಲಿಯಿರಿ. ಈ ಸಲ ನಮ್ಮಿಂದ ಮೋಟಾರ್ ಬ್ಯಾಚು ಪೂರ್ತಿ ಹುಡುಗಿಯರದ್ದೇ ಆಗಬೇಕು. ಪೇಪರಿನವರೂ ಬರುತ್ತಾರೆ" ಎನ್ನುತ್ತಿದ್ದರು. ಅಕ್ಕ ಎಲೆ ಅಡಿಕೆ ಅಗಿಯುತ್ತಾ ಕೂತಿದ್ದರು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಕುಂದುರ್ಪಿ ಕಡೆಯ ಒಬ್ಬ ಹುಡುಗಿ ಬಂದಳು. ಇಂಟರ್, ಅಂದರೆ ಪಿಯುಸಿ, ಪಾಸಾಗಿದ್ದಳು. ಅಧಿಕಾರಿ ಅವಳ ಮಾರ್ಕ್ಸ್ ನೋಡಿ ಸಂತೋಷದಿಂದ, "ಮೋಟಾರ್ ವೈಂಡಿಂಗ್‌ಗೆ ಹಾಕೋಣ" ಎಂದರು.

ಹುಡುಗಿ ನೆಲ ನೋಡುತ್ತಾ, "ನನಗೆ ಕುರಿ ಕೊಡಿ ಸಾರ್" ಎಂದಳು.

"ಏನು?"

"ಕುರಿ ಸಾರ್. ಕುರಿ ಸಾಕೋಕ್ಕೂ ಸಹಾಯ ಮಾಡ್ತಾರೆ ಅಂತ ಊರಲ್ಲಿ ಹೇಳಿದ್ರು. ನಮ್ಮಜ್ಜನ ಜೊತೆ ಕುರಿ ಮೇಯಿಸಿ ನನಗೆ ಎಲ್ಲಾ ಗೊತ್ತೈತೆ. ರೋಗ ಬಂದ್ರೆ ಏನು ಮಾಡ್ಬೇಕು ಅನ್ನೋದು ಪುಸ್ತಕದಲ್ಲೂ ಓದಿದ್ದೀನಿ."

ಅಧಿಕಾರಿ ನಕ್ಕರು. ಕೆಟ್ಟ ನಗುವಲ್ಲ, ಮಕ್ಕಳ ಮಾತಿಗೆ ನಗುವ ನಗು. "ಇಂಟರ್ ಓದಿ ಕುರಿ ಮೇಯಿಸ್ತೀಯಾ? ಕಾಲ ಬದಲಾಗಿದೆ ಅಮ್ಮಾ. ಈ ಅಕ್ಕನನ್ನು ನೋಡು, ಎಷ್ಟು ಧೈರ್ಯ ಮಾಡಿದ್ದಾರೆ. ನೀನೂ ಧೈರ್ಯ ಮಾಡು. ಮೋಟಾರು ಅಂತ ಬರ್ಕೊತೀನಿ." ಪೆನ್ನು ಕಾಗದದ ಮೇಲೆ ಇಳಿಯುತ್ತಿತ್ತು.

"ಸಾರ್" ಎಂದರು ಅಕ್ಕ. ಎದ್ದು ಕಿಟಕಿಗೆ ಹೋಗಿ ಎಲೆ ಅಡಿಕೆ ಉಗಿದು ಬಂದು ನಿಂತರು. "ಆ ಹುಡುಗಿ ಏನು ಕೇಳ್ತು?"

"ಅವಳಿಗೆ ತಿಳಿಯಲ್ಲಮ್ಮಾ..."

"ನಿಮ್ಮ ಮುಂದೆ ನಿಂತು ಬಾಯ್ಬಿಟ್ಟು ಕೇಳೋ ಅಷ್ಟು ತಿಳೀತದೆ. ಅಷ್ಟು ಸಾಕು. ಕುರಿ ಅಂತ ಬರ್ಕೊಳ್ಳಿ."

"ಅಲ್ಲ, ನೀವೇ ಹಿಂಗಂದ್ರೆ ಹೆಂಗೆ? ನೀವು ಮೋಟಾರಿಗೋಸ್ಕರ ಇಡೀ ಆಫೀಸನ್ನೇ ಎದುರು ಹಾಕ್ಕೊಂಡು—"

"ನಾನು ಮೋಟಾರಿಗೋಸ್ಕರ ಜಗಳ ಮಾಡ್ಲಿಲ್ಲ ಸಾರ್. ನನ್ನ ಬದುಕಿಗೆ ಏನು ಬೇಕು ಅಂತ ಬೇರೆಯೋರು ಬರ್ಕೊಂಡ್ಬುಟ್ರಲ್ಲಾ, ಅದಕ್ಕೆ ಮಾಡಿದೆ. ಅವರು ಮಿಷನ್ ಅಂತ ಬರ್ದ್ರು, ನೀವು ಮೋಟಾರು ಅಂತ ಬರೀತೀರ. ಇವಳು ಹೇಳಿದ್ದನ್ನ ಯಾರು ಬರೀತೀರ?"

ಕೋಣೆಯಲ್ಲಿದ್ದ ಹುಡುಗಿಯರೆಲ್ಲ ಅಕ್ಕನ ಕಡೆಗೇ ನೋಡುತ್ತಿದ್ದರು. ಕುಂದುರ್ಪಿಯ ಹುಡುಗಿ ಮಾತ್ರ ಅಧಿಕಾರಿಯ ಪೆನ್ನನ್ನೇ ನೋಡುತ್ತಿದ್ದಳು. ಅಧಿಕಾರಿಯ ಮುಖ ಕೆಂಪಾಗಿತ್ತು. ಕುರಿ ಎಂದು ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿರೆಂದು ಅಕ್ಕ ಕೇಳಿದರು. ಓದಿದರು. ಆಮೇಲೆ ಬಂದ ಹುಡುಗಿಯರಲ್ಲಿ ಒಬ್ಬಳು ರೇಡಿಯೋ ರಿಪೇರಿ ಕೇಳಿದಳು, ಇಬ್ಬರು ಹೊಲಿಗೆ ಕೇಳಿದರು, ಒಬ್ಬಳು ತಾನಾಗಿಯೇ ಮೋಟಾರು ಕೇಳಿದಳು. ಕೇಳಿದ ಹಾಗೇ ಬರೆದುಕೊಂಡದ್ದಾಯಿತು. ಪೇಪರಿನವರು ಬಂದು ಫೋಟೋ ತೆಗೆಯದೆ ಹೋದರು. ಆ ಹುಡುಗಿಗೆ ಕುರಿ ಬಂದವು. ಎರಡು ವರ್ಷಕ್ಕೆ ಅವಳ ಮಂದೆ ನಮ್ಮೂರ ಕೆರೆಯಂಗಳದಲ್ಲಿ ಮೇಯುತ್ತಿದ್ದದ್ದನ್ನು ನಾನೇ ನೋಡಿದ್ದೇನೆ.

ಅಂದು ಸಾಯಂಕಾಲ ಇಬ್ಬರೂ ಅಂಗಡಿಯ ಕಡೆಗೆ ನಡೆದು ಬರುತ್ತಿದ್ದೆವು. ನನ್ನ ಕೆಲಸ ಹಂಗಾಮಿ, ನನಗೆ ಒಳಗೊಳಗೇ ಭಯ.

"ಇನ್ಮೇಲೆ ನಿಮ್ಮನ್ನ ಕರೆಯಲ್ಲ ಬಿಡಿ ಅಕ್ಕಾ" ಎಂದೆ.

"ಕರೀದಿದ್ರೆ ಏನಾಯ್ತು? ಕರೀದೇನೂ ಹೋಗೋದು ನನಗೆ ಬತ್ತದೆ."

ಮುಂದಿನ ವರ್ಷ ಅವರನ್ನು ಕರೆಯಲಿಲ್ಲ. ಆಯ್ಕೆಯ ದಿನ ಅವರು ತಾವಾಗಿಯೇ ಹೋಗಿ ಕುರ್ಚಿ ಎಳೆದುಕೊಂಡು ಕೂತರು.